ಕಟ್ಟು ಮುಚ್ಚುವ ಹೊತ್ತು: ಇಬ್ಬರೇ ಆಡುವ ಷ್ನಾಪ್ಸೆನ್

ಮೇಜಿನ ನಡುವೆ ಇಸ್ಪೀಟೆಲೆಗಳ ಒಂದು ಸಣ್ಣ ಕಟ್ಟು ಇದೆ. ಅದರ ಅಡಿಯಿಂದ ಒಂದೇ ಒಂದು ಎಲೆ ಅರ್ಧ ಹೊರಗೆ ಇಣುಕುತ್ತಿದೆ, ಮುಖ ಮೇಲೆ ಮಾಡಿಕೊಂಡು. ಆಡುತ್ತಿರುವ ಇಬ್ಬರಲ್ಲಿ ಒಬ್ಬರು ಆ ಎಲೆಯನ್ನು ಎಳೆದು, ಬೋರಲು ಮಾಡಿ, ಕಟ್ಟಿನ ಮೇಲೆ ಅಡ್ಡ ಇಡುತ್ತಾರೆ. ಇಷ್ಟೇ ನಡೆದದ್ದು. ಆದರೆ ಆ ಗಳಿಗೆಯಿಂದ ಆಟದ ಕಾನೂನೇ ಬೇರೆ. ಇನ್ನು ಯಾರೂ ಹೊಸ ಎಲೆ ತೆಗೆಯುವಂತಿಲ್ಲ. "ನನ್ನ ಕೈಯಲ್ಲಿರುವ ಎಲೆಗಳಲ್ಲೇ ಗೆಲ್ಲುತ್ತೇನೆ" ಎಂದು ಅವರು ಮಾತು ಕೊಟ್ಟ ಹಾಗಾಯಿತು. ಗೆಲ್ಲದಿದ್ದರೆ ದಂಡ ಕಟ್ಟಬೇಕು.

ಇದು ಷ್ನಾಪ್ಸೆನ್. ಆಸ್ಟ್ರಿಯಾದವರು ತುಂಬಾ ಪ್ರೀತಿಯಿಂದ ಆಡುವ, ಇಬ್ಬರ ಆಟ.

ಅದೃಷ್ಟವನ್ನು ಪಣಕ್ಕಿಡುವ ಆಟಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಇರುತ್ತದೆ: ಇನ್ನೊಂದು ಎಲೆ ಬೇಕಾ, ಇಲ್ಲಿಗೆ ಸಾಕಾ? ಇನ್ನೊಂದು ತೆಗೆದುಕೊಳ್ಳುವುದು ಅಪಾಯ, ನಿಲ್ಲಿಸುವುದು ಕ್ಷೇಮ. ಷ್ನಾಪ್ಸೆನ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಎಲೆ ತೆಗೆಯುತ್ತಾ ಹೋಗುವುದು ಎಲ್ಲರೂ ಹಿಡಿಯುವ ಮಾಮೂಲಿ ದಾರಿ. ನಿಲ್ಲಿಸುವುದಕ್ಕೇ ಧೈರ್ಯ ಬೇಕು. ಈ ಒಂದು ತಿರುವು ಅರ್ಥವಾದರೆ ಇಡೀ ಆಟ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ. ಅದಕ್ಕೇ ಉಳಿದ ನಿಯಮಗಳನ್ನು ಬೇಗ ಮುಗಿಸಿ, ಅಲ್ಲಿ ಸ್ವಲ್ಪ ಹೊತ್ತು ಕೂರೋಣ.

ಮೊದಲು ಎಲೆಗಳು. ಪ್ಯಾಕ್‌ನಲ್ಲಿ ಬೇಕಾಗುವುದು 20 ಎಲೆ ಮಾತ್ರ. ನಾಲ್ಕು ರಂಗು: ಆಟೀನು, ಡೈಮಂಡ್, ಇಸ್ಪೀಟು, ಕಳಾವರು. ಪ್ರತಿ ರಂಗಿನಲ್ಲೂ ಎಕ್ಕ, ಹತ್ತು, ರಾಜ, ರಾಣಿ, ಗುಲಾಮ. ದೊಡ್ಡದರಿಂದ ಚಿಕ್ಕದಕ್ಕೆ ಇದೇ ಕ್ರಮ. ರಾಜನಿಗಿಂತ ಹತ್ತು ದೊಡ್ಡದು, ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಎಕ್ಕಕ್ಕೆ 11 ಅಂಕ, ಹತ್ತಕ್ಕೆ 10, ರಾಜನಿಗೆ 4, ರಾಣಿಗೆ 3, ಗುಲಾಮನಿಗೆ 2. ಒಂದು ರಂಗಿಗೆ 30, ನಾಲ್ಕಕ್ಕೆ 120. ಆಸ್ಟ್ರಿಯಾದಲ್ಲಿ ಇದನ್ನು ಆಡಲು ಬೇರೆ ಚಿತ್ರದ ಎಲೆಗಳೂ ಬಳಕೆಯಲ್ಲಿವೆ. ಅವುಗಳಲ್ಲಿ ರಂಗುಗಳು ಹೃದಯ, ಎಲೆ, ಗೆಜ್ಜೆ, ಓಕ್ ಮರದ ಕಾಯಿ. ನಾಲ್ಕು ಎಕ್ಕಗಳ ಮೇಲೆ ನಾಲ್ಕು ಋತುಗಳ ಚಿತ್ರ. ರಾಣಿ, ಗುಲಾಮರ ಜಾಗದಲ್ಲಿ ವಿಲ್ಹೆಲ್ಮ್ ಟೆಲ್ ಕಥೆಯ ಪಾತ್ರಗಳು. ನೋಡಲು ಬಲು ಚೆಂದ. ಆಟ ಮಾತ್ರ ಅದೇ.

ಗುರಿ 66 ಅಂಕ. ಯಾಕೆ 66? ಇದಕ್ಕೆ ಉತ್ತರ ಈ ಆಟದ ಅಣ್ಣನ ಹತ್ತಿರ ಇದೆ. ಜರ್ಮನಿಯಲ್ಲಿ ಆಡುವ ಆ ಆಟದ ಹೆಸರೇ 'ಅರವತ್ತಾರು'. ಪಾಡರ್ಬೋರ್ನ್ ಊರಿನಲ್ಲಿ 1652ರಲ್ಲಿ ಅದು ಹುಟ್ಟಿತು ಎಂಬ ಕಥೆಯನ್ನು ಅಲ್ಲಿಯ ಜನ ಹೇಳುತ್ತಾರೆ. ಅದರಲ್ಲಿ ಒಂಬತ್ತುಗಳೂ ಸೇರಿ 24 ಎಲೆ, ಒಬ್ಬೊಬ್ಬರಿಗೆ ಆರು. ಒಂಬತ್ತಕ್ಕೆ ಅಂಕವಿಲ್ಲ, ಆದರೆ ಕೊನೆಯ ಸುತ್ತು ಗೆದ್ದವರಿಗೆ 10 ಅಂಕ ಜಾಸ್ತಿ ಸಿಗುತ್ತದೆ. ಒಟ್ಟು 130. ಅರ್ಧ 65. ಅರ್ಧಕ್ಕಿಂತ ಒಂದು ಹೆಚ್ಚು ಸಿಕ್ಕರೆ ಗೆದ್ದ ಹಾಗೆ, ಅಂದರೆ 66. ಷ್ನಾಪ್ಸೆನ್ ಒಂಬತ್ತುಗಳನ್ನೂ ಆ ಹತ್ತು ಅಂಕವನ್ನೂ ಬಿಟ್ಟಿತು, 66 ಅನ್ನು ಮಾತ್ರ ಉಳಿಸಿಕೊಂಡಿತು. ಎಲೆ ಕಡಿಮೆಯಾದದ್ದರಿಂದ ಆಟ ಬಿಗಿಯಾಗಿದೆ. ನನಗೆ ಇಷ್ಟವಾಗುವುದು ಈ ತಮ್ಮನೇ.

ಹಂಚುವವರು ಮೊದಲು ಮೂರು ಮೂರು ಎಲೆ ಕೊಡುತ್ತಾರೆ. ಒಂದು ಎಲೆಯನ್ನು ಮುಖ ಮೇಲಾಗಿ ಇಡುತ್ತಾರೆ. ಅದರ ರಂಗೇ ತುರುಪು. ಮತ್ತೆ ಎರಡೆರಡು ಎಲೆ ಹಂಚುತ್ತಾರೆ. ಈಗ ಇಬ್ಬರ ಕೈಯಲ್ಲೂ ಐದು. ಉಳಿದ ಒಂಬತ್ತನ್ನು ಬೋರಲಾಗಿ ಆ ತುರುಪಿನ ಎಲೆಯ ಮೇಲೆ ಅಡ್ಡ ಇಟ್ಟರೆ ಕಟ್ಟು ಸಿದ್ಧ. ಹಂಚದೆ ಇದ್ದವರು ಮೊದಲ ಎಲೆ ಹಾಕುತ್ತಾರೆ, ಎದುರಿನವರು ಒಂದು ಎಲೆ ಹಾಕುತ್ತಾರೆ. ಎರಡು ಎಲೆ ಬಿದ್ದರೆ ಒಂದು ಸುತ್ತು ಮುಗಿಯಿತು. ಅದೇ ರಂಗಿನ ದೊಡ್ಡ ಎಲೆ ಗೆಲ್ಲುತ್ತದೆ, ತುರುಪು ಬಿದ್ದರೆ ತುರುಪು ಗೆಲ್ಲುತ್ತದೆ. ಗೆದ್ದವರು ಎರಡೂ ಎಲೆ ಎತ್ತಿಟ್ಟುಕೊಂಡು, ಕಟ್ಟಿನಿಂದ ಮೊದಲು ಒಂದು ಎಲೆ ತೆಗೆಯುತ್ತಾರೆ. ಸೋತವರು ಆಮೇಲೆ ಒಂದು ತೆಗೆಯುತ್ತಾರೆ. ಮುಂದಿನ ಸುತ್ತನ್ನು ಶುರು ಮಾಡುವುದು ಗೆದ್ದವರು.

ಇನ್ನೆರಡು ಸಂಗತಿ ಇವೆ. ಎರಡಕ್ಕೂ ಎಲೆ ಹಾಕುವ ಸರದಿ ನಿಮ್ಮದೇ ಆಗಿರಬೇಕು. ತುರುಪಿನ ಗುಲಾಮ ನಿಮ್ಮ ಕೈಯಲ್ಲಿದ್ದರೆ ಅದನ್ನು ಕಟ್ಟಿನ ಅಡಿಯ ತುರುಪಿನ ಎಲೆಗೆ ಬದಲಾಯಿಸಿಕೊಳ್ಳಬಹುದು. ಒಂದೇ ರಂಗಿನ ರಾಜ, ರಾಣಿ ಎರಡೂ ಇದ್ದರೆ ತೋರಿಸಿ, ಅದರಲ್ಲೊಂದನ್ನು ಹಾಕಿ 20 ಅಂಕ ಪಡೆಯಬಹುದು. ತುರುಪಿನ ಜೋಡಿಯಾದರೆ 40. ಈ ಅಂಕ ಲೆಕ್ಕಕ್ಕೆ ಬರಬೇಕಾದರೆ ನೀವು ಒಂದಾದರೂ ಸುತ್ತು ಗೆದ್ದಿರಬೇಕು, ಇಲ್ಲವೇ ಮುಂದೆ ಗೆಲ್ಲಬೇಕು. 66ರಲ್ಲಿ 40 ಎಂದರೆ ಎಷ್ಟು ದೊಡ್ಡದು ನೋಡಿ. ಒಂಟಿ ರಾಜನನ್ನು ಹಿಡಿದುಕೊಂಡು ರಾಣಿಗೆ ಕಾಯುವುದಾ, ಬಿಸಾಡುವುದಾ ಎನ್ನುವ ಚಿಂತೆ ಪ್ರತಿ ಆಟದಲ್ಲೂ ಬರುತ್ತದೆ.

ಯಾರೂ ಅಂಕ ಬರೆದಿಡುವುದಿಲ್ಲ. ಎಲ್ಲ ಮನಸ್ಸಿನಲ್ಲೇ. 66 ಆಯಿತು ಅನ್ನಿಸಿದ ತಕ್ಷಣ ನೀವೇ ಹೇಳಬೇಕು. ಹೇಳಿದ ಮೇಲೆ ಎಣಿಸಿ ನೋಡಿದರೆ 65 ಮಾತ್ರ ಇದ್ದರೆ ಆಟ ಎದುರಿನವರದ್ದು. 66 ದಾಟಿಯೂ ಗೊತ್ತಾಗದೆ ಸುಮ್ನೆ ಕೂತರೆ, ಅಷ್ಟರಲ್ಲಿ ಅವರು ತಮ್ಮ 66 ಮುಟ್ಟಿ ಹೇಳಿಬಿಡಬಹುದು. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಎಲೆ ಕೆಟ್ಟದ್ದು ಬಂದು ಅಲ್ಲ, ಎಣಿಕೆ ತಪ್ಪಿ.

ಎರಡು ಕಾನೂನು

ಈಗ ಮುಖ್ಯ ವಿಷಯಕ್ಕೆ ಬರೋಣ. ಕಟ್ಟಿನಲ್ಲಿ ಎಲೆ ಇರುವವರೆಗೆ ಆಟ ಸಡಿಲ. ಎದುರಿನವರು ಆಟೀನು ಹಾಕಿದರೆ ನೀವು ಆಟೀನೇ ಹಾಕಬೇಕೆಂದಿಲ್ಲ. ಕೈಯಲ್ಲಿ ಆಟೀನು ಇದ್ದರೂ ಕಳಾವರು ಗುಲಾಮನನ್ನು ಬಿಸಾಡಬಹುದು, ತುರುಪು ಹೊಡೆಯಬಹುದು, ಇಷ್ಟ ಬಂದದ್ದು ಮಾಡಬಹುದು.

ಕಟ್ಟು ಖಾಲಿಯಾದ ಮೇಲೆ ಆಟ ಬಿಗಿ. ಹಾಕಿದ ರಂಗೇ ಹಾಕಬೇಕು. ಆ ರಂಗಿನಲ್ಲಿ ದೊಡ್ಡ ಎಲೆ ಇದ್ದರೆ ದೊಡ್ಡದನ್ನೇ ಹಾಕಿ ಗೆಲ್ಲಬೇಕು. ಆ ರಂಗು ಇಲ್ಲದಿದ್ದರೆ ತುರುಪು ಹೊಡೆಯಲೇಬೇಕು. ಎರಡೂ ಇಲ್ಲದಿದ್ದರೆ ಮಾತ್ರ ಬೇರೆ ಎಲೆ.

ಈ ಎರಡು ಕಾನೂನುಗಳ ನಡುವೆ ಎಕ್ಕದ ಬೆಲೆ ಎಷ್ಟು ಬದಲಾಗುತ್ತದೆ ಗಮನಿಸಿ. ಸಡಿಲ ಆಟದಲ್ಲಿ ತುರುಪಲ್ಲದ ಎಕ್ಕ ಬಲು ಬಡಪಾಯಿ. ಎದುರಿನವರ ಹತ್ತಿರ ಒಂದು ಚಿಲ್ಲರೆ ತುರುಪು ಇದ್ದರೂ ಸಾಕು, ನಿಮ್ಮ 11 ಅಂಕ ಹೋಯಿತು. ಬಿಗಿ ಆಟದಲ್ಲಿ ಅದೇ ಎಕ್ಕ ಗಟ್ಟಿ. ಅವರ ಕೈಯಲ್ಲಿ ಆ ರಂಗಿನ ಒಂದು ಎಲೆ ಇದ್ದರೂ ತುರುಪು ಹೊಡೆಯುವ ಹಾಗಿಲ್ಲ.

ಕಟ್ಟು ಮುಚ್ಚುವುದು ಎಂದರೆ, ಕಟ್ಟು ಖಾಲಿಯಾಗುವ ಮೊದಲೇ ಬಿಗಿ ಕಾನೂನನ್ನು ಜಾರಿಗೆ ತರುವುದು. ಸರದಿ ನಿಮ್ಮದಿದ್ದಾಗ ಮೊದಲ ಸುತ್ತಿಗೂ ಮುಂಚೆಯೇ ಮುಚ್ಚಬಹುದು. ಹೀಗಾಗಿ ಮುಚ್ಚುವವರು ಅದೃಷ್ಟಕ್ಕೆ ಕೈ ಚಾಚುತ್ತಿಲ್ಲ, ಅದೃಷ್ಟ ಒಳಗೆ ಬರುವ ಬಾಗಿಲನ್ನೇ ಹಾಕುತ್ತಿದ್ದಾರೆ. ಅವರಿಗೂ ಹೊಸ ಎಲೆ ಇಲ್ಲ, ಎದುರಿನವರಿಗೂ ಇಲ್ಲ. ಕಟ್ಟಿನೊಳಗೆ ಉಳಿದ ಎಲೆಗಳು ಅಲ್ಲೇ ಮಲಗುತ್ತವೆ.

ಲಾಭ ನಷ್ಟ ಹೀಗಿದೆ. ಒಂದು ಆಟ ಗೆದ್ದರೆ ಒಂದರಿಂದ ಮೂರು ಪಾಯಿಂಟ್. ಎದುರಿನವರಿಗೆ 33 ಅಥವಾ ಹೆಚ್ಚು ಅಂಕ ಇದ್ದರೆ 1. ಅವರು ಒಂದಾದರೂ ಸುತ್ತು ಗೆದ್ದಿದ್ದು 33 ಮುಟ್ಟದಿದ್ದರೆ 2. ಒಂದೂ ಸುತ್ತು ಗೆಲ್ಲದಿದ್ದರೆ 3. ನೀವು ಕಟ್ಟು ಮುಚ್ಚಿ ಗೆದ್ದರೆ, ಮುಚ್ಚಿದ ಗಳಿಗೆಯಲ್ಲಿ ಅವರ ಸ್ಥಿತಿ ಏನಿತ್ತೋ ಅದರ ಮೇಲೆ ಪಾಯಿಂಟ್ ಸಿಗುತ್ತದೆ. ಮುಚ್ಚಿ ಸೋತರೆ ಅವರಿಗೆ 2. ಮುಚ್ಚುವಾಗ ಅವರು ಒಂದೂ ಸುತ್ತು ಗೆದ್ದಿರಲಿಲ್ಲವಾದರೆ 3.

ಈ ಸಂಖ್ಯೆಗಳನ್ನು ಎದುರುಬದುರು ಇಟ್ಟು ನೋಡಿ. ಎದುರಿನವರಿಗೆ 33 ಆಗುವ ಮೊದಲೇ ಮುಚ್ಚಿದರೆ ಗೆದ್ದರೆ 2, ಸೋತರೆ 2. ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದ್ದರೆ ಲೆಕ್ಕ ನಿಮ್ಮ ಕಡೆ. 33 ದಾಟಿದ ಮೇಲೆ ಮುಚ್ಚಿದರೆ ಗೆದ್ದರೆ 1, ಸೋತರೆ ಮಾತ್ರ 2. ಆಗ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಗೆಲ್ಲುವ ಭರವಸೆ ಬೇಕು. ಅಂದರೆ ಆಟದ ನಿಯಮವೇ ನಿಮ್ಮನ್ನು ಬೇಗ ಮುಚ್ಚಿ ಎಂದು ಕರೆಯುತ್ತದೆ. ಬೇಗ ಮುಚ್ಚಿದಷ್ಟೂ ಎದುರಿನವರ ಎಲೆಗಳ ಬಗ್ಗೆ ನಿಮಗೆ ಗೊತ್ತಿರುವುದು ಕಡಿಮೆ. ಈ ಎಳೆದಾಟ ನನಗೆ ತುಂಬಾ ಇಷ್ಟ.

ಅಪಾಯವೇ ಇಲ್ಲದ ಒಂದು ಕೈ

ಕೆಲವೊಮ್ಮೆ ಮುಚ್ಚುವುದು ಜೂಜೇ ಅಲ್ಲ. ಆಟೀನು ತುರುಪು ಅಂದುಕೊಳ್ಳಿ, ಕಟ್ಟಿನ ಅಡಿಯಲ್ಲಿ ಆಟೀನು ಗುಲಾಮ ಕಾಣುತ್ತಿದೆ. ಮೊದಲ ಸರದಿ ನಿಮ್ಮದು. ಕೈಯಲ್ಲಿ ಆಟೀನು ಎಕ್ಕ, ರಾಜ, ರಾಣಿ, ಜೊತೆಗೆ ಇಸ್ಪೀಟು ಎಕ್ಕ, ಕಳಾವರು ಎಕ್ಕ.

ಮುಚ್ಚಿಬಿಡಿ. ಹೊರಗಿರುವ ತುರುಪು ಒಂದೇ, ಆಟೀನು ಹತ್ತು. ಆದರೆ ಅವಸರಪಟ್ಟು ಮೊದಲೇ 40 ಹೇಳಿ ರಾಜನನ್ನು ಹಾಕಬೇಡಿ. ಆ ಹತ್ತು ಎದುರಿನವರ ಹತ್ತಿರ ಇದ್ದರೆ ರಾಜನನ್ನು ಹೊಡೆದುಕೊಂಡು ಹೋಗುತ್ತಾರೆ. ಮೊದಲು ಎಕ್ಕ ಹಾಕಿ. ಹತ್ತು ಅವರಲ್ಲಿದ್ದರೆ ಹಾಕಲೇಬೇಕು, ನಿಮಗೆ 21. ಇಲ್ಲದಿದ್ದರೆ ಕನಿಷ್ಠ ಒಂದು ಗುಲಾಮನಾದರೂ ಬೀಳುತ್ತಾನೆ, ನಿಮಗೆ 13. ಈಗ 40 ಹೇಳಿ ರಾಜನನ್ನು ಹಾಕಿ: 40, ಮತ್ತೆ 4, ಮತ್ತೆ ಕನಿಷ್ಠ 2. ತೀರಾ ಕಡಿಮೆ ಎಂದರೂ 59. ಆಮೇಲೆ ಇಸ್ಪೀಟು ಎಕ್ಕ. ಅವರಲ್ಲಿ ತುರುಪೇ ಇಲ್ಲ, ಹಾಗಾಗಿ ಇನ್ನೂ 13. ಒಟ್ಟು 72. ಎದುರಿನವರ ಐದು ಎಲೆ ಯಾವುದೇ ಆಗಿರಲಿ, ಮೂರು ಪಾಯಿಂಟ್ ನಿಮ್ಮದು. ಇಂಥ ಕೈ ಬಂದಾಗಲೂ ಹೆದರಿ ಮುಚ್ಚದೆ, ಮಾಮೂಲಿಯಾಗಿ ಆಡಿಕೊಂಡು ಹೋಗುವವರು ಬಹಳ ಜನ.

ಮಲಗಿದ ಮೂರು ಎಲೆ

ಈಗ ಸ್ವಲ್ಪ ಕಷ್ಟದ ಜಾಗ. ಇದನ್ನು ಎಲೆಗಳನ್ನು ಮುಂದೆ ಹರಡಿಕೊಂಡು ಓದಿದರೆ ಇನ್ನೂ ಒಳ್ಳೆಯದು.

ಡೈಮಂಡ್ ತುರುಪು. ಕಟ್ಟಿನ ಅಡಿಯಲ್ಲಿ ಡೈಮಂಡ್ ಗುಲಾಮ. ಮೂರು ಸುತ್ತು ಮುಗಿದಿವೆ. ಮೊದಲನೆಯದರಲ್ಲಿ ನೀವು ಕಳಾವರು ಜೋಡಿ ತೋರಿಸಿ 20 ಹೇಳಿದಿರಿ, ರಾಣಿ ಹಾಕಿದಿರಿ. ಅವರು ಇಸ್ಪೀಟು ಗುಲಾಮನನ್ನು ಬಿಸಾಡಿದರು. ನಿಮಗೆ 25. ಎರಡನೆಯದರಲ್ಲಿ ನೀವು ಕಳಾವರು ರಾಜನನ್ನು ಹಾಕಿದಿರಿ, ಅವರು ಕಳಾವರು ಹತ್ತರಿಂದ ಗೆದ್ದರು. ಅವರಿಗೆ 14. ಮೂರನೆಯದರಲ್ಲಿ ಅವರು ಇಸ್ಪೀಟು ರಾಜನನ್ನು ಹಾಕಿದರು, ನೀವು ಇಸ್ಪೀಟು ಎಕ್ಕದಿಂದ ಎತ್ತಿದಿರಿ. 15 ಸೇರಿ ನಿಮಗೆ 40. ಇನ್ನು 26 ಬೇಕು. ಸರದಿ ನಿಮ್ಮದು.

ಕೈಯಲ್ಲಿ: ಡೈಮಂಡ್ ಎಕ್ಕ, ಆಟೀನು ಎಕ್ಕ, ಆಟೀನು ಗುಲಾಮ, ಇಸ್ಪೀಟು ರಾಣಿ, ಕಳಾವರು ಗುಲಾಮ. ಎರಡು ಎಕ್ಕ ಬಿಟ್ಟರೆ ಉಳಿದದ್ದರಲ್ಲಿ ಬಲವೇ ಇಲ್ಲ. ಇಂಥ ಕೈಯಲ್ಲಿ ಮುಚ್ಚುವುದಾ?

ಕಾಣದ ಎಲೆಗಳನ್ನು ಎಣಿಸೋಣ. ಡೈಮಂಡ್ ಹತ್ತು, ರಾಜ, ರಾಣಿ. ಆಟೀನು ಹತ್ತು, ರಾಜ, ರಾಣಿ. ಇಸ್ಪೀಟು ಹತ್ತು. ಕಳಾವರು ಎಕ್ಕ. ಒಟ್ಟು ಎಂಟು. ಇದರಲ್ಲಿ ಐದು ಎದುರಿನವರ ಕೈಯಲ್ಲಿವೆ, ಮೂರು ಕಟ್ಟಿನಲ್ಲಿ ಬೋರಲಾಗಿವೆ. ಎಂಟರಲ್ಲಿ ಮೂರು ಮಲಗುವುದಕ್ಕೆ ಒಟ್ಟು 56 ಬಗೆ ಇವೆ.

ನಿಮ್ಮ ಯೋಜನೆ ಸರಳ. ಮುಚ್ಚಿ ಡೈಮಂಡ್ ಎಕ್ಕ ಹಾಕುತ್ತೀರಿ, 11 ಮತ್ತು ಕನಿಷ್ಠ 3, ಅಲ್ಲಿಗೆ 54. ಆಮೇಲೆ ಆಟೀನು ಎಕ್ಕ, 11 ಮತ್ತು ಕನಿಷ್ಠ 3, ಅಲ್ಲಿಗೆ 68. ಗೆದ್ದಿರಿ. ಇದು ಕೆಡುವುದು ಒಂದೇ ಕಾರಣಕ್ಕೆ: ಎದುರಿನವರ ಹತ್ತಿರ ಆಟೀನು ಒಂದೂ ಇರಬಾರದು, ಡೈಮಂಡ್ ಇನ್ನೂ ಉಳಿದಿರಬೇಕು. ಆಟೀನು ಒಂದೂ ಇರಬಾರದು ಎಂದರೆ ಆ ಮೂರೂ ಆಟೀನುಗಳು ಕಟ್ಟಿನೊಳಗೇ ಮಲಗಿರಬೇಕು. 56ರಲ್ಲಿ ಒಂದೇ ಬಗೆ! ಬಲವಿಲ್ಲ ಅನ್ನಿಸಿದ ಕೈ 56ರಲ್ಲಿ 55 ಸಲ ಗೆಲ್ಲುತ್ತದೆ. ಮುಚ್ಚದೆ ಇದೇ ಎರಡು ಎಕ್ಕ ಹಾಕಿದ್ದರೆ? ಡೈಮಂಡ್ ಎಕ್ಕಕ್ಕೆ ಅವರು ಯಾವುದೋ ಎಲೆ ಬಿಸಾಡಿ, ತುರುಪನ್ನು ಉಳಿಸಿಕೊಂಡು, ನಿಮ್ಮ ಆಟೀನು ಎಕ್ಕವನ್ನು ಆರಾಮಾಗಿ ಹೊಡೆಯುತ್ತಿದ್ದರು.

ಈಗ ಒಂದೇ ಎಲೆ ಬದಲಿಸಿ. ಇಸ್ಪೀಟು ರಾಣಿಯ ಬದಲು ಆಟೀನು ರಾಜ ನಿಮ್ಮ ಕೈಯಲ್ಲಿದ್ದಾನೆ. ಕೈ ಇನ್ನೂ ಚೆನ್ನಾಯಿತು ಅನ್ನಿಸುತ್ತದೆ ಅಲ್ವಾ? ಮೂರು ಆಟೀನು! ಆದರೆ ಹೊರಗೆ ಉಳಿದ ಆಟೀನು ಎರಡೇ, ಹತ್ತು ಮತ್ತು ರಾಣಿ. ಇವೆರಡೂ ಕಟ್ಟಿನಲ್ಲಿ ಮಲಗಿದ್ದು, ಮೂರನೆಯ ಎಲೆ ಬೇರೆ ಆರರಲ್ಲಿ ಯಾವುದೋ ಒಂದು ಆಗಿರುವುದಕ್ಕೆ ಆರು ಬಗೆ. ಅಪಾಯ 56ರಲ್ಲಿ 1 ಇದ್ದದ್ದು 6 ಆಯಿತು, ಸುಮಾರು ಒಂಬತ್ತು ಸಲಕ್ಕೆ ಒಂದು ಸೋಲು.

ಇನ್ನೊಂದು ಹೆಜ್ಜೆ. ಕಳಾವರು ಗುಲಾಮನ ಬದಲು ಆಟೀನು ಹತ್ತೂ ನಿಮಗೇ ಬಂದಿದೆ. ಈಗ ಕೈಯಲ್ಲಿ ಆಟೀನು ಎಕ್ಕ, ಹತ್ತು, ರಾಜ, ಗುಲಾಮ. ಹೊರಗಿರುವುದು ಆಟೀನು ರಾಣಿ ಒಬ್ಬಳೇ. ಅವಳು ಮಲಗಿದ್ದು, ಎದುರಿನವರ ಹತ್ತಿರ ಕಡಿಮೆ ಎಂದರೂ ಎರಡು ತುರುಪು ಇರುವುದಕ್ಕೆ 18 ಬಗೆ. ಎರಡು ಎಕ್ಕದ ಅದೇ ಯೋಜನೆ ಈಗ ಮೂರರಲ್ಲಿ ಹತ್ತಿರ ಹತ್ತಿರ ಒಂದು ಸಲ ಕೆಡುತ್ತದೆ.

ಒಂದು, ಆರು, ಹದಿನೆಂಟು. ಷ್ನಾಪ್ಸೆನ್ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಂಥ ಲೆಕ್ಕಗಳೇ. ಒಂದು ರಂಗು ನಿಮ್ಮ ಕೈಯಲ್ಲಿ ತುಂಬಿದಷ್ಟೂ ಆ ರಂಗಿನ ಎಕ್ಕ ದುರ್ಬಲ, ಯಾಕೆಂದರೆ ಎದುರಿನವರಿಗೆ ಹಾಕುವುದಕ್ಕೆ ಆ ರಂಗು ಉಳಿಯುವುದಿಲ್ಲ. ಕಣ್ಣಿಗೆ ಶ್ರೀಮಂತವಾಗಿ ಕಾಣುವ ಕೈ ಮುಚ್ಚುವುದಕ್ಕೆ ಕೆಟ್ಟದ್ದು, ಬಡವಾಗಿ ಕಾಣುವ ಕೈ ಒಳ್ಳೆಯದು. ನಮ್ಮ ಎಲೆ ನೋಡಿಕೊಂಡು ಧೈರ್ಯ ಮಾಡುವುದು ಸಹಜ. ಈ ಆಟದಲ್ಲಿ ಧೈರ್ಯಕ್ಕೆ ಆಧಾರ ಹೊರಗಿರುವ ಎಲೆಗಳು.

ಬರಿಯ ಎಣಿಕೆ ಇಲ್ಲಿಗೆ ನಿಲ್ಲುತ್ತದೆ, ಆದರೆ ಸುಳಿವುಗಳು ಇನ್ನೂ ಇವೆ. ಮೂರನೆಯ ಸುತ್ತಿನಲ್ಲಿ ಸರದಿ ಅವರದ್ದಾಗಿತ್ತು. ಅವರು ಇಸ್ಪೀಟು ರಾಜನನ್ನು ಹಾಕಿದರು. ಆಗ ಕೈಯಲ್ಲಿ ಡೈಮಂಡ್ ರಾಜ, ರಾಣಿ ಎರಡೂ ಇದ್ದಿದ್ದರೆ 40 ಹೇಳದೆ ಬಿಡುತ್ತಿದ್ದರಾ? ಹಾಗಾದರೆ ಆ ಜೋಡಿ ಆಗ ಅವರಲ್ಲಿ ಇರಲಿಲ್ಲ. ಈಗ ಇರಬೇಕಾದರೆ ಅದರಲ್ಲೊಂದು ಆಮೇಲೆ ತೆಗೆದ ಎಲೆಯೇ ಆಗಿರಬೇಕು. ಮೊದಲು ನೋಡಿದ ಕೈಯಲ್ಲಿ ಸೋಲು ತರುವ ಆ ಒಂದೇ ಬಗೆಗೆ ಅವರ ಹತ್ತಿರ ಆ ಜೋಡಿ ಇರಲೇಬೇಕು. ಅಂದರೆ ಆ ಅಪಾಯ ಇನ್ನೂ ಸಣ್ಣದಾಯಿತು. ಎದುರಿನವರು ಮಾಡಿದ್ದನ್ನು ನೋಡಿದ ಹಾಗೆಯೇ ಮಾಡದೆ ಬಿಟ್ಟದ್ದನ್ನೂ ನೋಡುತ್ತಿದ್ದರೆ ಕಟ್ಟಿನೊಳಗಿನ ಎಲೆಗಳು ಒಂದೊಂದಾಗಿ ಗೊತ್ತಾಗುತ್ತವೆ.

ಯಾರೂ ಮುಚ್ಚದೆ ಕಟ್ಟು ಖಾಲಿಯಾಗಿ, ಯಾರೂ 66 ಹೇಳದೆ ಎಲೆ ಮುಗಿದರೆ ಕೊನೆಯ ಸುತ್ತು ಗೆದ್ದವರೇ ಆಟ ಗೆದ್ದ ಹಾಗೆ. ಮುಚ್ಚಿದ ಆಟದಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಮುಚ್ಚಿದವರು 66 ಮುಟ್ಟಲೇಬೇಕು, ಅದೂ ಎದುರಿನವರಿಗಿಂತ ಮೊದಲು.

ಪಂದ್ಯ ಏಳು ಪಾಯಿಂಟಿನದು. ಇಬ್ಬರೂ 7ರಿಂದ ಶುರು ಮಾಡಿ ಗೆದ್ದಷ್ಟನ್ನು ಕಳೆಯುತ್ತಾ ಬರುತ್ತಾರೆ, ಮೊದಲು ಸೊನ್ನೆ ಮುಟ್ಟಿದವರು ಗೆದ್ದರು. ಸೋತವರ ಹೆಸರಿಗೆ ಒಂದು ಚುಕ್ಕೆ ಬೀಳುತ್ತದೆ. ಅದನ್ನು ಆಸ್ಟ್ರಿಯಾದವರು ಬುಮರ್ಲ್ ಎನ್ನುತ್ತಾರೆ. ಈ ಏಳರ ಲೆಕ್ಕ ಮುಚ್ಚುವ ನಿರ್ಧಾರವನ್ನೂ ತಿರುಗಿಸುತ್ತದೆ. ಎದುರಿನವರಿಗೆ ಇನ್ನು 2 ಪಾಯಿಂಟ್ ಸಾಕು ಎಂದಿದ್ದಾಗ ಮುಚ್ಚಿ ಸೋತರೆ ಪಂದ್ಯವೇ ಮುಗಿಯಿತು. ಮುಚ್ಚದೆ 1 ಪಾಯಿಂಟಿಗೆ ಸೋತಿದ್ದರೆ ಇನ್ನೊಂದು ಆಟ ಸಿಗುತ್ತಿತ್ತು. ಅಲ್ಲಿ ಕೈ ಬಿಗಿ ಹಿಡಿಯಬೇಕು. ಅವರಿಗೆ ಬೇಕಾದದ್ದು ಇನ್ನು 1 ಮಾತ್ರ ಎಂದಾಗ ದಂಡಕ್ಕೆ ಅರ್ಥವೇ ಇರುವುದಿಲ್ಲ. ಹೇಗೆ ಸೋತರೂ ಪಂದ್ಯ ಅವರದ್ದೇ. ಆಗ ಎರಡೋ ಮೂರೋ ಎಂದು ನೋಡುವುದು ಬಿಟ್ಟು, ಈ ಆಟ ಗೆಲ್ಲಲು ಯಾವ ದಾರಿ ಹೆಚ್ಚು ಗಟ್ಟಿ ಎಂದಷ್ಟೇ ಕೇಳಿಕೊಳ್ಳಿ. ಬೇರೆ ಹೊತ್ತಿನಲ್ಲಿ ಹಿಂದೆ ಮುಂದೆ ನೋಡುವಂಥ ಕೈಯಲ್ಲೂ ಅಲ್ಲಿ ಆ ತುರುಪಿನ ಎಲೆಯನ್ನು ಎಳೆದು ಬೋರಲು ಹಾಕಬಹುದು.